ಬೆಂದ ಮೊಟ್ಟೆಯ ಕಾವು

ಆ ವರ್ಷ ವಸಂತದ ಹಬ್ಬಕ್ಕೆ ಮೊಟ್ಟೆಗೆ ಬಣ್ಣ ಹಾಕುವುದು ಬೇಡವೆಂದು ಟೈಲರಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಹೆಂಡತಿ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು, ಅಷ್ಟೆ. ಬಣ್ಣವೆಲ್ಲ ಅವಳ ಇಲಾಖೆ. ಈರುಳ್ಳಿ ಸಿಪ್ಪೆ ಕುದಿಸಿದರೆ ಕೆಂಪು, ಅರಿಶಿನಕ್ಕೆ ಹಳದಿ, ನೇರಳೆ ಎಲೆಕೋಸಿನಿಂದ ಅದು ಹೇಗೋ ನೀಲಿ. ಮೊಟ್ಟೆ ಒಣಗಿದ ಮೇಲೆ ಬಂದು ನೋಡಿ, "ಚೆನ್ನಾಗಿದೆ" ಎನ್ನುವುದಷ್ಟೇ ಅವನ ಕೆಲಸ. ಈಗ ಆ ಮಾತನ್ನು ಯಾರಿಗೆ ಹೇಳಬೇಕು?

ಅವನ ತಂಗಿ ಕೇಳುವ ಪೈಕಿಯಲ್ಲ. ಅತ್ತಿಗೆ ಹೋದ ಮೇಲೆ ಅಣ್ಣನ ಊಟ ನೋಡಿಕೊಳ್ಳಲೆಂದು ಬಂದವಳು, ಅಣ್ಣನನ್ನೇ ನೋಡಿಕೊಳ್ಳುತ್ತಿದ್ದಳು.

"ನಿನಗೆ ಬೇಡ ಅಂದ್ರೆ ಕಣ್ಣು ಮುಚ್ಕೋ. ದೇವರ ಹಬ್ಬ ನಿನ್ನ ಅಪ್ಪಣೆ ಕೇಳ್ಕೊಂಡು ಬರುತ್ತಾ?" ಎಂದು ಒಲೆಯ ಮೇಲೆ ಪಾತ್ರೆ ಇಟ್ಟಳು.

ಮೊಟ್ಟೆ ಬೇಯಿಸಿದಳು, ಬಣ್ಣ ಹಾಕಿದಳು, ಒಣಗಲೆಂದು ತುಂಡುಬಟ್ಟೆಯ ಬುಟ್ಟಿಯಲ್ಲಿ ಜೋಡಿಸಿದಳು. ಆ ಮನೆಯಲ್ಲಿ ಮುಂದಿನ ಕೋಣೆ ಅಂಗಡಿ, ಹಿಂದಿನದು ಅಡುಗೆಮನೆ. ಅಡುಗೆಮನೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಒಂದು ಅವನದು, ಇನ್ನೊಂದು ಹೆಂಡತಿಯದು. ಹೆಂಡತಿಯ ಕುರ್ಚಿಯಲ್ಲಿ ಅವಳು ಹೋದ ಮೇಲೆ ಯಾರೂ ಕೂತಿರಲಿಲ್ಲ, ಅವನು ಕೂರಗೊಡುತ್ತಿರಲಿಲ್ಲ. ತಂಗಿ ಗೋಡೆಗೆ ಒರಗಿ ನಿಂತೇ ಊಟ ಮಾಡುತ್ತಿದ್ದಳು, ಮಧ್ಯೆಮಧ್ಯೆ "ಅಯ್ಯೋ ನನ್ನ ಮಂಡಿ" ಎಂದು ಅಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿ ನರಳುತ್ತಿದ್ದಳು. ಕೂರಲಾಗದಿದ್ದರೇನು, ಬುಟ್ಟಿ ಇಡಬಹುದಲ್ಲ ಎಂದು ಬುಟ್ಟಿಯನ್ನು ಆ ಕುರ್ಚಿಯ ಮೇಲಿಟ್ಟಳು. ಅವನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿತ್ತಲಿನಿಂದ ದೊರೆಸಾನಿ ಒಳಗೆ ಬಂದಿತು.

ದೊರೆಸಾನಿ ಎಂದರೆ ಹೆಂಡತಿ ಸಾಕಿದ್ದ ಕಂದು ಕೋಳಿ. ನಡಿಗೆಯ ಗತ್ತು ನೋಡಿ ಅವಳೇ ಇಟ್ಟ ಹೆಸರು. ಅವಳು ಹೋದಂದಿನಿಂದ ಅದು ಮೊಟ್ಟೆ ಇಡುವುದನ್ನು ನಿಲ್ಲಿಸಿ ಹಿತ್ತಲ ಮೂಲೆಯಲ್ಲಿ ಮುದುಡಿಕೊಂಡಿತ್ತು. ಆ ದಿನ ಮಾತ್ರ ನೇರವಾಗಿ ಬಂದು, ಕುರ್ಚಿಗೆ ಹಾರಿ, ಬಣ್ಣದ ಮೊಟ್ಟೆಗಳನ್ನು ಒಂದೊಂದಾಗಿ ನೋಡಿ, ರೆಕ್ಕೆ ಹರಡಿ ಅವುಗಳ ಮೇಲೆ ಕೂತುಬಿಟ್ಟಿತು. ಜಪ್ಪಯ್ಯ ಎಂದರೂ ಏಳಲಿಲ್ಲ. ಎಬ್ಬಿಸಲು ಹೋದ ತಂಗಿಯ ಕೈಗೆ ಕುಕ್ಕಿತು. ಇಬ್ಬರೂ ಕಿರುಚಿದರು.

ಹಬ್ಬದ ದಿನ ಪ್ರಾರ್ಥನೆ ನಡೆಸುವ ಹಿರಿಯರು ನಾಲ್ಕು ಜನರೊಂದಿಗೆ ಮನೆಗೆ ಬಂದರು. ಬುಟ್ಟಿಯನ್ನು ಮೇಜಿನ ನಡುವೆ ಇಡುವುದು ವಾಡಿಕೆ. ಇಟ್ಟರು, ಕೋಳಿಯೂ ಜೊತೆಗೇ ಬಂತು. ಹಿರಿಯರು ಎದುರಿಗೇ ಕಣ್ಣು ಮಿಟುಕಿಸುತ್ತಿದ್ದ ಅದನ್ನು ನೋಡಿ ಒಮ್ಮೆ ಕೆಮ್ಮಿದರು. ಆಮೇಲೆ ಮನೆಯವರ ಜೊತೆಗೆ ಅದನ್ನೂ ಸೇರಿಸಿ, ದೇವರು ಕಾಪಾಡಲಿ ಎಂದು ಕಣ್ಣು ಮುಚ್ಚಿದರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಮೊಟ್ಟೆಗಾಗಿ ಕಾದರು.

"ಇದು ಎದ್ದ ಮೇಲೆ ಹಂಚಿದರಾಯ್ತು" ಎಂದರು ಹಿರಿಯರು, ದೊಡ್ಡ ಮನಸ್ಸಿನಿಂದ.

ಅದು ಏಳಲಿಲ್ಲ. ಬಂದವರು ಬರಿಗೈಯಲ್ಲಿ ಹೋದರು. ಬುಟ್ಟಿ ಮತ್ತೆ ಕುರ್ಚಿಗೆ ಬಂತು.

ಮರುದಿನ ತಂಗಿ ಉಪಾಯ ಮಾಡಿ ಮೊಟ್ಟೆಗಳನ್ನು ಬೀರುವಿನಲ್ಲಿ ಅಡಗಿಸಿಟ್ಟಳು. ಕೋಳಿ ಬೀರುವಿನ ಮುಂದೆ ಕೂತಿತು. ಕಾಳು ಹಾಕಿದರೆ ತಿನ್ನದು, ನೀರಿಟ್ಟರೆ ಕುಡಿಯದು. ಸಂಜೆಯವರೆಗೆ ನೋಡಿ ಟೈಲರಣ್ಣನೇ ಎದ್ದು ಮೊಟ್ಟೆಗಳನ್ನು ಮತ್ತೆ ಬುಟ್ಟಿಗಿಟ್ಟ.

"ಮನೇಲಿರೋ ಎರಡು ಜೀವಕ್ಕೂ ಊಟ ಬೇಡ" ಎಂದಳು ತಂಗಿ, ಅವನು ಬಿಟ್ಟೆದ್ದ ತಟ್ಟೆಯನ್ನು ನೋಡುತ್ತ. "ನನ್ನನ್ನ ಯಾಕೆ ಕರೆಸಿದ್ರೋ!"

"ನಾನೆಲ್ಲಿ ಕರೆಸಿದೆ?"

"ಅದೂ ಸರಿ."

ದಿನ ಕಳೆದಂತೆ ಕೋಳಿ ಸೊರಗಿತು. ಕೆಂಪಗಿದ್ದ ಜುಟ್ಟು ಮಾಸಿತು. ಗಾಬರಿಯಾದ ಟೈಲರಣ್ಣ ಊರಾಚೆ ಕೋಳಿ ಸಾಕುವವನನ್ನು ಮನೆಗೆ ಕರೆತಂದ. ಅವನು ಬುಟ್ಟಿಯ ಹತ್ತಿರ ಮೂಗು ತಂದು ವಾಸನೆ ನೋಡಿದ. ಆಮೇಲೆ ಗೋಡೆಗೆ ಕೈ ಊರಿ, ನಗು ತಡೆಯಲಾರದೆ ಮುಖ ಅತ್ತ ತಿರುಗಿಸಿದ.

"ಟೈಲರಣ್ಣ, ಕಾವಿಗೆ ಕೂತ ಕೋಳಿ ಮರಿ ಆಗೋವರೆಗೂ ಏಳಲ್ಲ. ಬೇರೆಯವಾದ್ರೆ ದಿನಕ್ಕೊಮ್ಮೆ ಕಾಳಿಗಾದ್ರೂ ಎದ್ದುಬರ್ತವೆ, ಇದು ಅದಕ್ಕೂ ಒಲ್ಲೆ ಅಂತಿದೆ. ಬೆಂದ ಮೊಟ್ಟೆ ಯಾವ ಕಾಲಕ್ಕೂ ಮರಿ ಆಗಲ್ಲ. ಇದು ಇಲ್ಲೇ ಕೂತು ಸಾಯತ್ತೆ."

ಟೈಲರಣ್ಣ ನಗಲಿಲ್ಲ. ಹೆಂಡತಿ ಬಿಟ್ಟುಹೋದದ್ದರಲ್ಲಿ ಉಸಿರಾಡುವುದು ಅದೊಂದೇ.

"ಅದಕ್ಕೆ ಹೇಗೆ ಹೇಳೋದು?" ಎಂದ.

"ಏನಂತ?"

"ಒಳಗೆ ಏನೂ ಇಲ್ಲ ಅಂತ."

ಕೋಳಿ ಸಾಕುವವನು ಈಗ ನಗುವುದನ್ನು ಬಿಟ್ಟ. "ಹೇಳಿದ್ರೆ ಕೇಳುತ್ತಾ ಅಣ್ಣ? ಜೀವ ಇರೋ ಮೊಟ್ಟೆ ಕೊಡ್ತೀನಿ, ಇದರ ಹೊಟ್ಟೆ ಕೆಳಗೆ ಸೇರಿಸಿ. ಕಾವಿಗೆ ಕೂತದ್ದಕ್ಕೆ ಇದೂ ಒಂದೇ, ಅದೂ ಒಂದೇ."

ಮೊಟ್ಟೆ ಬದಲಿಸುವುದು ಸುಲಭವಾಗಲಿಲ್ಲ. ಯಾರೋ ಹೊಲಿಯಲು ಕೊಟ್ಟಿದ್ದ ಪ್ಯಾಂಟಿನ ಬಟ್ಟೆಯಲ್ಲಿ ಕೋಳಿಯನ್ನು ಸುತ್ತಿ ಟೈಲರಣ್ಣ ಎದೆಗವಚಿಕೊಂಡು ನಿಂತ. ತಂಗಿ ಸರಸರನೆ ಮೊಟ್ಟೆ ಬದಲಿಸಿದಳು. ಬಿಟ್ಟೊಡನೆ ದೊರೆಸಾನಿ ಬುಟ್ಟಿಯ ಅಂಚಿಗೆ ಹಾರಿ ಇಣುಕಿತು. ಒಳಗೆ ಎಲ್ಲ ಬಿಳಿ. ಅದು ತಲೆಯೆತ್ತಿ ಟೈಲರಣ್ಣನ ಮುಖ ನೋಡಿತು. ಕೊಕ್ಕಿನಿಂದ ಒಂದನ್ನು ತಳ್ಳಿತು. ಅದು ನೆಲಕ್ಕೆ ಬಿದ್ದು ಒಡೆಯಿತು. ಎರಡನೆಯದಕ್ಕೆ ಕೊಕ್ಕು ಚಾಚುವಷ್ಟರಲ್ಲಿ ತಂಗಿ ಬುಟ್ಟಿಯನ್ನೇ ಎತ್ತಿಕೊಂಡು ಓಡಿದಳು.

"ಇದಕ್ಕೆ ಬಣ್ಣದ್ದೇ ಬೇಕಂತೆ ಕಣೋ!"

ಹಬ್ಬ ಮುಗಿದು ಎಷ್ಟೋ ದಿನವಾದ ಮೇಲೆ, ಬಣ್ಣ ಬೇಡವೆಂದಿದ್ದ ಮನುಷ್ಯ ಅಂಗಡಿಯ ಬಾಗಿಲು ಹಾಕಿ ಮೊಟ್ಟೆಗೆ ಬಣ್ಣ ಹಾಕಲು ಕೂತ. ಕುದಿಸುವಂತಿಲ್ಲ, ಜೀವ ಬೇಯುತ್ತದೆ. ನೆನೆಸುವಂತಿಲ್ಲ, ಉಸಿರು ಕಟ್ಟುತ್ತದೆ ಎಂದು ಕೋಳಿ ಸಾಕುವವನು ಎಚ್ಚರಿಸಿದ್ದ. ಹಾಗಾಗಿ ಬೆಚ್ಚಗಿನ ಬಣ್ಣದ ನೀರಿನಲ್ಲಿ ಬಟ್ಟೆ ಚೂರು ಅದ್ದಿ, ಸವರಿ, ಒಣಗಿಸಿ, ಮತ್ತೆ ಸವರಿದ. ಹಳೆಯ ಮೊಟ್ಟೆಯ ಪಕ್ಕದಲ್ಲಿ ಹಿಡಿದು, ದಾರದ ಉಂಡೆಗಳನ್ನು ತಂದು ಒಂದೊಂದಾಗಿ ಹೋಲಿಸಿದ. ಗಿರಾಕಿಯ ಕೋಟಿಗೆ ದಾರ ಹೊಂದಿಸುವಾಗಲೂ ಅವನು ಇಷ್ಟು ನೋಡಿದವನಲ್ಲ. ಕೆಂಪು ಬಂತು. ಹಳದಿಯೂ ಬಂತು. ನೀಲಿ ಮಾತ್ರ ನೇರಳೆಗೆ ತಿರುಗಿತ್ತು. ಪರವಾಗಿಲ್ಲ, ಕೋಳಿಗೇನು ತಿಳಿಯುತ್ತದೆ ಎಂದುಕೊಂಡು ಬುಟ್ಟಿಗಿಟ್ಟ.

ದೊರೆಸಾನಿ ಕೆಂಪನ್ನು ಒಪ್ಪಿತು, ಹಳದಿಯನ್ನು ಒಪ್ಪಿತು. ನೇರಳೆಯನ್ನು ಮಾತ್ರ ಬುಟ್ಟಿಯ ಅಂಚಿನವರೆಗೂ ತಳ್ಳಿಕೊಂಡು ಬಂದಿತು. ಈ ಸಲ ಅವನು ಅಂಗೈ ಒಡ್ಡಿ ಹಿಡಿದುಕೊಂಡ.

"ನಿಮ್ಮತ್ತಿಗೇನೂ ಹೀಗೇ" ಎಂದ. "ನೀಲಿ ವಿಷಯದಲ್ಲಿ ರಾಜಿ ಇರ್ಲಿಲ್ಲ."

"ಎಲೆಕೋಸಿನ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕ್ಬೇಕು. ಅತ್ತಿಗೇನೇ ಹೇಳ್ಕೊಟ್ಟಿದ್ಳು."

"ಮೊದಲೇ ಹೇಳೋದಲ್ವಾ?"

"ನೀನು ಕೇಳಿದ್ದು ಯಾವಾಗ? ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ಅವಳನ್ನ ಕೇಳಿದ್ಯಾ, ಹೇಗೆ ಮಾಡ್ತೀಯ ಅಂತ?"

ಅವನು ಎದ್ದು ಡಬ್ಬಿ ಹುಡುಕಿ ತಂದ. ಸೋಡಾ ಹಾಕಿದ. ಬಟ್ಟಲಿನ ನೇರಳೆ ನೀರು ಕಣ್ಣೆದುರೇ ನೀಲಿಯಾಯಿತು. ಅವನು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, ಯಾರೂ ಇಲ್ಲದ ಕಡೆಗೆ ತಿರುಗಿ, "ಚೆನ್ನಾಗಿದೆ" ಎಂದ.

ಹೊಸ ನೀಲಿಯನ್ನು ಕೋಳಿ ಸುತ್ತಲೂ ನೋಡಿ, ಹೊಟ್ಟೆಯ ಕೆಳಗೆ ಎಳೆದುಕೊಂಡಿತು. ನಾರತೊಡಗಿದ್ದ ಹಳೆಯ ಮೊಟ್ಟೆಗಳನ್ನು ತಂಗಿ ಮೂಗು ಮುಚ್ಚಿಕೊಂಡು ಹಿತ್ತಲಲ್ಲಿ ಹೂತಳು.

ಮುಂದಿನ ಮೂರು ವಾರ ಆ ಅಂಗಡಿಯಲ್ಲಿ ಅಳತೆ ಕೊಡಲು ಬಂದವರು ಮೊದಲು ಒಳಗೆ ಹೋಗಿ ಕೋಳಿಯನ್ನು ನೋಡಿ ಬರುತ್ತಿದ್ದರು. ಮರಿ ನೀಲಿಯಾಗುತ್ತದೋ ಕೆಂಪಾಗುತ್ತದೋ ಎಂದು ಬೀದಿಯಲ್ಲೆಲ್ಲ ವಾದ. ಹಿರಿಯರೂ ಎರಡು ಸಲ ಬಂದು, ದೇವರ ಚಿತ್ತ ಎಂದು ಹೇಳಿ, ಬುಟ್ಟಿಯೊಳಗೆ ಇಣುಕಲು ನೋಡಿದರು. ಒಬ್ಬ ಗಿರಾಕಿ ತನ್ನ ಬಿಳಿ ಅಂಗಿಯ ಎದೆಯ ಮೇಲೆ ನೀಲಿ ಹೆಬ್ಬೆಟ್ಟಿನ ಗುರುತು ತೋರಿಸಿ ಜಗಳಕ್ಕೆ ನಿಂತಾಗ ಟೈಲರಣ್ಣ, "ಅಲ್ಲೊಂದು ಜೇಬು ಹಾಕಿಕೊಡ್ತೀನಿ, ಸುಮ್ನಿರಿ" ಎಂದ. ದಿನಾ ಬೆಳಿಗ್ಗೆ ಕೋಳಿಯ ಕೊಕ್ಕಿನ ಹತ್ತಿರ ಬಟ್ಟಲು ಹಿಡಿದು ಹನಿ ನೀರು ಕುಡಿಸುತ್ತಿದ್ದ, ಅಂಗೈಯಲ್ಲಿ ಕಾಳಿಟ್ಟು ಬೇಡಿಕೊಳ್ಳುತ್ತಿದ್ದ. ಅದು ಅವನ ಮನಸ್ಸು ನೋಯಿಸಬಾರದೆಂಬಂತೆ ಒಂದೋ ಎರಡೋ ಕಾಳು ತಿನ್ನುತ್ತಿತ್ತು. ರೆಕ್ಕೆ ಮುಟ್ಟಿದರೆ ಬರೀ ಮೂಳೆ. ದೇವರೇ, ಇದೊಂದನ್ನು ಉಳಿಸಿಕೊಡು ಎಂದು ಅವನು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ನೀಲಿ ಮೊಟ್ಟೆ ಬಿರಿಯಿತು. ಒದ್ದೆಯಾದ, ಕುರೂಪಿಯಾದ ಒಂದು ಮರಿ ಹೊರಬಂದು, ಒಣಗಿ, ಹಳದಿ ಉಂಡೆಯಾಯಿತು. ಸಾಮಾನ್ಯ ಹಳದಿ.

"ಅಷ್ಟೊಂದು ನೀಲಿ ಬಳಿದ್ಯಲ್ಲೋ, ಒಂದು ಪುಕ್ಕಕ್ಕಾದ್ರೂ ಹತ್ತಬಾರದಿತ್ತಾ!" ತಂಗಿಗೆ ತುಂಬ ಬೇಸರವಾಯಿತು.

ಇನ್ನೂ ಎರಡು ದಿನ ಕಾದರೂ ಉಳಿದವು ಬಿರಿಯಲಿಲ್ಲ. ಮೂರನೆಯ ದಿನ ದೊರೆಸಾನಿ ಎದ್ದು ನಿಂತಿತು. ಕಾಲು ಝಾಡಿಸಿತು. ಬುಟ್ಟಿಯಲ್ಲುಳಿದ ಕೆಂಪು, ಹಳದಿ ಮೊಟ್ಟೆಗಳನ್ನು ತಲೆ ಓರೆ ಮಾಡಿ ನೋಡಿ, ಕುರ್ಚಿಯಿಂದ ಕೆಳಕ್ಕೆ ಹಾರಿತು. ಮರಿಯೂ ಅದರ ಹಿಂದೆಯೇ ಉರುಳಿ ಬಿತ್ತು. ಕೋಳಿ ನೇರವಾಗಿ ಕಾಳಿನ ಬಟ್ಟಲಿಗೆ ಹೋಗಿ ಗಬಗಬನೆ ತಿನ್ನತೊಡಗಿತು.

"ಉಳಿದವಕ್ಕೆ ಏನ್ಮಾಡೋದು ಅಣ್ಣ?" ಎಂದಳು ತಂಗಿ, ಮೆಲ್ಲಗೆ.

"ಅದೇ ಬಿಟ್ಟು ಎದ್ದಿದೆಯಲ್ಲ" ಎಂದ ಟೈಲರಣ್ಣ. ಬುಟ್ಟಿಯನ್ನು ತಾನೇ ಹಿತ್ತಲಿಗೆ ಒಯ್ದು, ಹಳೆಯವನ್ನು ಹೂತ ಕಡೆಯಲ್ಲೇ ಮಣ್ಣು ತೋಡಿದ. ಕೈ ತೊಳೆದು ಬಂದ. ಬೆರಳ ತುದಿಯ ನೀಲಿ ಹೋಗಲಿಲ್ಲ.

ತಂಗಿ ಬಡಿಸಿದಳು. ತನ್ನ ತಟ್ಟೆ ಹಿಡಿದು ಒಂದು ಗಳಿಗೆ ಗೋಡೆಯ ಕಡೆ ನೋಡಿದಳು, ಒಂದು ಗಳಿಗೆ ಖಾಲಿ ಕುರ್ಚಿಯ ಕಡೆ. ಆಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಅದರಲ್ಲಿ ಕೂತಳು.

ಟೈಲರಣ್ಣ ತುತ್ತು ನುಂಗಿ ಅವಳ ಕಡೆ ನೋಡಿದ.

"ಹಿಂದಿನ ಕಾಲು ಸ್ವಲ್ಪ ಅಲ್ಲಾಡುತ್ತೆ" ಎಂದ. "ಹುಷಾರು."