ಓಟದವರಿಗೆ ಬಾಳೆಹಣ್ಣು

ತಿ. ನರಸೀಪುರದ ಪೇಟೆಯಲ್ಲಿ ನಾವು ಬಾಳೆಹಣ್ಣು ಇಳಿಸುತ್ತಿದ್ದ ಹೊತ್ತಿಗೆ ಅಕ್ಕ ಮೈಸೂರಿನಲ್ಲಿ ಓಡುತ್ತಿದ್ದಳು. ನಾನು ಅದನ್ನು ಫೋನಿನಲ್ಲಿ ನೋಡುತ್ತಿದ್ದೆ.

ನೋಡುವುದು ಎಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಓಡುವವರು ಎದೆಯ ಮೇಲೆ ಸಿಕ್ಕಿಸಿಕೊಂಡ ನಂಬರಿನ ಹಿಂದೆ ಒಂದು ಚಿಪ್ ಅಂಟಿಸಿರುತ್ತಾರೆ. ದಾರಿಯಲ್ಲಿ ಕೆಲವು ಕಡೆ ರಸ್ತೆಗೆ ಅಡ್ಡವಾಗಿ ರಬ್ಬರಿನ ಚಾಪೆ ಹಾಸಿರುತ್ತಾರೆ. ಚಾಪೆ ದಾಟಿದರೆ ಫೋನಿನಲ್ಲಿ ಅವರ ಹೆಸರಿನ ಮುಂದೆ ದಾಟಿದ ಹೊತ್ತು ಮೂಡುತ್ತದೆ. ಹತ್ತನೇ ಕಿಲೋಮೀಟರಿನಲ್ಲಿ ಒಂದು ಚಾಪೆ, ಅರ್ಧ ದಾರಿಯಲ್ಲಿ ಒಂದು, ಮೂವತ್ತರಲ್ಲಿ ಒಂದು, ಕೊನೆಗೆ ಮುಗಿಯುವ ಜಾಗದಲ್ಲಿ ಒಂದು. ನಡುವೆ ಏನಾಯಿತು ಎಂದು ಯಾರೂ ಹೇಳುವುದಿಲ್ಲ. ಫೋನು ಸುಮ್ಮನಿರುತ್ತದೆ.

ನಮ್ಮ ಮನೆಯವರಿಗೆ ಹೀಗೆ ಸುಮ್ಮನಿರುವುದು ಹೊಸದಲ್ಲ. ನಂಜನಗೂಡಿನಲ್ಲಿ ಅಪ್ಪಾಜಿಗೆ ಬಾಳೆಹಣ್ಣಿನ ಮಂಡಿ ಇದೆ. ದೊಡ್ಡಸಿದ್ದಯ್ಯನವರ ಮಂಡಿ ಎಂದರೆ ಎಲ್ಲರಿಗೂ ಗೊತ್ತು; ದೊಡ್ಡಸಿದ್ದಯ್ಯನವರ ಮಾತು ಕೇಳಿದವರು ಮಾತ್ರ ಕಡಿಮೆ. ರೇಟು ಹೇಳುತ್ತಾರೆ, ಬಂದವರನ್ನು ಕೂರಿ ಅನ್ನುತ್ತಾರೆ, ಮುಗಿಯಿತು. ತಾಂಡ್ಯದ ಕಾರ್ಖಾನೆಯಲ್ಲಿ ನನಗೆ ಭಾನುವಾರ ರಜ. ಆವತ್ತು ಅವರ ಜೊತೆ ಲಗೇಜ್ ಆಟೊದಲ್ಲಿ ಬಂದಿದ್ದೆ. ಲೋಡು ಇಳಿಸುವುದಕ್ಕೆ ಎಂದು ಹೇಳಿದ್ದೆ. ಅಪ್ಪಾಜಿಯ ಕೈಯಲ್ಲಿ ಇರುವುದು ಬಟನ್ ಫೋನು, ನನ್ನದು ಬೇಕಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಪ್ರತಿ ಕ್ರೇಟು ಇಳಿದಾಗಲೂ ಅವರು ನನ್ನ ಕಡೆ ತಿರುಗದೆ ಕೇಳುತ್ತಿದ್ದರು. "ಬಂತಾ?"

ಹತ್ತು ಬಂದಿತ್ತು. ಅರ್ಧ ದಾರಿಯೂ ಬಂದಿತ್ತು. ಮೂವತ್ತು ಬರಬೇಕಿತ್ತು.

"ಇನ್ನೂ ಇಲ್ಲ ಅಪ್ಪಾಜಿ."

"ಹೂಂ."

ಗಾಡಿ ಓಡಿಸುವ ಮರಿಸ್ವಾಮಿಗೆ ಇದೆಲ್ಲ ತಮಾಷೆ. ಮಂಡಿಗೆ ಸೇರಿ ಇಪ್ಪತ್ತು ವರ್ಷ ದಾಟಿದೆ, ಅಕ್ಕನನ್ನು ಸ್ಕೂಲಿಗೆ ಬಿಟ್ಟುಬರುತ್ತಿದ್ದವನು ಅವನೇ. ನನ್ನನ್ನು ಕೇಳಿದ, "ನಲವತ್ತೆರಡು ಕಿಲೋಮೀಟ್ರು ಅಂದ್ರೆ ಎಂಗೆ ರುದ್ರಣ್ಣ? ನಂಜನಗೂಡಿಂದ ಮೈಸೂರಿಗೋಗಿ, ಏನೋ ಮರ್ತುಬುಟ್ಟೆ ಅಂತ ವಾಪಸ್ ಬಂದಂಗಾಯ್ತಲ್ಲ. ದುಡ್ಡು ಕೊಟ್ಟು ಓಡ್ತಾರಂತೆ. ನಂಗೆ ದುಡ್ಡು ಕೊಟ್ರೂ ಬಸ್ಸಲ್ಲೇ ಓಯ್ತೀನಿ."

ಹಣ್ಣು ಇಳಿಸಿಕೊಳ್ಳುತ್ತಿದ್ದ ಅಂಗಡಿಯ ಚೆಲುವಯ್ಯ ನಕ್ಕರು. ಅಪ್ಪಾಜಿ ನಗಲಿಲ್ಲ.

ಅವ್ವ ಹೋದಾಗ ನಾನು ಚಿಕ್ಕವನು. ಬೆಳಿಗ್ಗೆ ಹಿತ್ತಲಲ್ಲಿ ನೀರು ಸೇದುತ್ತಿದ್ದವಳು ಹಾಗೇ ಕುಳಿತಳಂತೆ. ಹೃದಯದ ತೊಂದರೆ ಎಂದರು ಡಾಕ್ಟರು. ಹುಟ್ಟಿನಿಂದಲೇ ಇದ್ದಿರಬಹುದು, ಮಕ್ಕಳಿಗೂ ಬರಬಹುದು, ಬರದೆಯೂ ಇರಬಹುದು ಎಂದರು. ಆಮೇಲೆ ಅವ್ವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಬಾರದು ಎಂದು ಯಾರೂ ಹೇಳಿರಲಿಲ್ಲ, ಹಾಗೆ ರೂಢಿಯಾಯಿತು. ಅಕ್ಕ ಕವಲಂದೆಯ ಶಾಲೆಯಲ್ಲಿ ಟೀಚರಾದಳು, ಬೆಳಗಿನ ಜಾವ ನಾಲೆಯ ಏರಿಯ ಮೇಲೆ ಓಡುವುದಕ್ಕೆ ಶುರುಮಾಡಿದಳು. ತಾನೇ ಹೋಗಿ ಹೃದಯ ತೋರಿಸಿಕೊಂಡು ಬಂದು, "ಏನೂ ಇಲ್ವಂತೆ ಅಪ್ಪಾಜಿ" ಎಂದಳು. ಅಪ್ಪಾಜಿ ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅವ್ವ ಹೋದಾಗಿನ ವಯಸ್ಸಿಗೆ ಅಕ್ಕ ಈ ವರ್ಷ ಬಂದಿದ್ದಾಳೆ. ಅದು ನಮ್ಮ ಮೂವರಿಗೂ ಗೊತ್ತು. ಅದನ್ನೂ ಯಾರೂ ಹೇಳಿಲ್ಲ.

ಓಟದಲ್ಲಿ ಅಕ್ಕನ ಹಿಂದೆ ಇದ್ದವರ ಹೊತ್ತು ಒಂದೊಂದಾಗಿ ಮೂಡಿತು. ಅರ್ಧ ದಾರಿಯನ್ನು ಅವಳಿಗಿಂತ ತಡವಾಗಿ ದಾಟಿದ್ದವರು ಮೂವತ್ತನ್ನು ದಾಟಿದ್ದರು. ಅರ್ಪಿತ ಡಿ. ಎಂಬ ಅಕ್ಕನ ಹೆಸರಿನ ಮುಂದಿನ ಜಾಗ ಮಾತ್ರ ಖಾಲಿ. ಪುಟವನ್ನು ಮತ್ತೆ ಮತ್ತೆ ತೆರೆದೆ. ಅವಳ ಫೋನು ಬ್ಯಾಗಿನಲ್ಲಿ, ಬ್ಯಾಗು ಓಟ ಶುರುವಾದ ಮೈದಾನದ ಕೌಂಟರಿನಲ್ಲಿ. ಓಟ ನಡೆಸುವವರು ಕೊಟ್ಟಿದ್ದ ನಂಬರಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

"ಬಂತಾ?"

ನಾನು ಮತ್ತೊಮ್ಮೆ ಪುಟ ತೆರೆದೆ. ಅಷ್ಟೇ ಸಾಕಾಯಿತು. ಅಪ್ಪಾಜಿ ಕೈಯಲ್ಲಿದ್ದ ಬಾಳೆಹಣ್ಣಿನ ಚಿಪ್ಪನ್ನು ಕ್ರೇಟಿನೊಳಗೆ ಮೆಲ್ಲಗೆ ಇಟ್ಟರು. ಗಾಡಿಯ ಹಿಂಬಾಗಿಲನ್ನು ತಾವೇ ಎತ್ತಿ ಕೊಂಡಿ ಹಾಕಿದರು.

"ಸಿದ್ದಯ್ನೋರೇ, ಇನ್ನೂ ಅರ್ಧ ಲೋಡು ಇಳಿಸ್ಬೇಕಲ್ಲ," ಎಂದರು ಚೆಲುವಯ್ಯ.

"ಆಮೇಲೆ ತಂದುಕೊಡ್ತೀನಿ. ಮರಿಸ್ವಾಮಿ, ಮೈಸೂರಿಗೆ ನಡಿ."

ಇಬ್ಬರು ಕೂರುವ ಮುಂಭಾಗದಲ್ಲಿ ಮೂವರು ಒತ್ತಿಕೊಂಡು ಕುಳಿತೆವು. ಗೇರು ಹಾಕುವಾಗಲೆಲ್ಲ ಮರಿಸ್ವಾಮಿಯ ಕೈ ನನ್ನ ಮೊಣಕಾಲಿಗೆ ತಗಲುತ್ತಿತ್ತು. ವರುಣ ದಾಟಿದೆವು. ಹಿಂದೆ ಬಾಳೆಹಣ್ಣಿನ ಕ್ರೇಟುಗಳು ಕುಲುಕುವ ಸದ್ದು. ಇನ್ನೊಂದು ದಿನವಾಗಿದ್ದರೆ ಅಪ್ಪಾಜಿ, "ನಿಧಾನ, ಹಣ್ಣು ಕಪ್ಪಾಗುತ್ತೆ" ಅನ್ನುತ್ತಿದ್ದರು.

ರಿಂಗ್ ರೋಡಿನ ಹತ್ತಿರ ಎಲ್ಲ ನಿಂತಿತ್ತು. ಸಾರಿಗೆ ಬಸ್ಸು, ಮದುವೆಗೆ ಹೊರಟ ಟೆಂಪೊ, ಹಾಲಿನ ವ್ಯಾನು. ಇಳಿದು ನಿಂತ ಜನ ಓಡುವವರನ್ನು ಬೈಯುತ್ತಿದ್ದರು. "ಮನೆ ಹತ್ರ ಪಾರ್ಕಲ್ಲಿ ಓಡಕ್ಕಾಗಲ್ವಾ ಇವ್ರಿಗೆ?" ಎಂದು ಟೆಂಪೊದ ಒಬ್ಬಾಕೆ ಅಂದರು. ಅಪ್ಪಾಜಿ ಆಕೆಯನ್ನು ಒಮ್ಮೆ ನೋಡಿ ಕಣ್ಣು ತಗ್ಗಿಸಿದರು. ಮರಿಸ್ವಾಮಿ ಗಾಡಿಯನ್ನು ರಸ್ತೆಯ ಅಂಚಿನ ಮಣ್ಣಿಗೆ ಇಳಿಸಿ, ಸಾಲಿನ ಪಕ್ಕದಲ್ಲೇ ನುಗ್ಗಿಸಿ, ಬ್ಯಾರಿಕೇಡಿನ ಮುಂದೆ ತಂದು ನಿಲ್ಲಿಸಿದ. ಪೊಲೀಸಿನವರು ಕೈ ಅಡ್ಡ ಹಿಡಿದರು.

"ಎಲ್ಲಿಗೆ?"

"ಒಳಕ್ಕೆ ಸಾ."

"ರೋಡ್ ಕ್ಲೋಸು. ರಿಂಗ್ ರೋಡಲ್ಲಿ ಸುತ್ಕೊಂಡು ನಂಜನಗೂಡು ಕಡೆಯಿಂದ ಬನ್ನಿ."

"ನಾವು ನಂಜನಗೂಡೋರೇ ಸಾ. ಸುತ್ಕಂಡೇ ಬಂದಿರೋದು."

ಪೊಲೀಸಿನವರು ನಗದೆ ಹಿಂದೆ ಹೋಗಿ ಟಾರ್ಪಾಲು ಎತ್ತಿ ನೋಡಿ ಬಂದರು. "ಏನ್ ಲೋಡು?"

"ಬಾಳೆಹಣ್ಣು ಸಾ." ಮರಿಸ್ವಾಮಿ ಒಂದು ಗಳಿಗೆ ತಡೆದ. "ಓಟದೋರಿಗೆ."

ಅವರು ಮರಿಸ್ವಾಮಿಯನ್ನು ಬಿಟ್ಟು ಅಪ್ಪಾಜಿಯ ಮುಖ ನೋಡಿದರು. ಹಣೆಯ ಮೇಲೆ ಬೆಳಗಿನ ಪೂಜೆಯ ವಿಭೂತಿ ಇನ್ನೂ ಹಾಗೇ ಇತ್ತು. "ಹೌದೇನ್ರೀ ಯಜಮಾನ್ರೇ?"

ಅಪ್ಪಾಜಿ ನಿಜ ಹೇಳುತ್ತಾರೆ ಎಂದುಕೊಂಡೆ. ಮಗಳು ಓಡುತ್ತಿದ್ದಾಳೆ, ಸುದ್ದಿ ಇಲ್ಲ, ಬಿಡಿ ಎಂದಿದ್ದರೆ ಬಹುಶಃ ಬಿಡುತ್ತಿದ್ದರು. ಆದರೆ ಆ ಮಾತನ್ನು ಬಾಯಲ್ಲಿ ಆಡಬೇಕಿತ್ತಲ್ಲ. ಆಡಿದರೆ ಅದು ನಡೆದೇಬಿಟ್ಟಂತೆ. ವ್ಯಾಪಾರದಲ್ಲಿ ಒಂದು ಹಣ್ಣಿನಷ್ಟೂ ಸುಳ್ಳು ಹೇಳದ ಮನುಷ್ಯ, "ಹೌದು" ಎಂದರು.

ಬ್ಯಾರಿಕೇಡು ಸರಿಯಿತು.

ಹೆಚ್ಚು ದೂರ ಹೋಗಲಾಗಲಿಲ್ಲ. ಲಲಿತಮಹಲ್ ಕಡೆಯ ರಸ್ತೆಯಲ್ಲಿ ಹಗ್ಗ ಕಟ್ಟಿದ್ದರು, ಹಗ್ಗದ ಆಚೆ ಜನ ಓಡುತ್ತಿದ್ದರು. ಅರ್ಧಕ್ಕರ್ಧ ಜನ ನಡೆಯುತ್ತಿದ್ದರು. ಪಕ್ಕದಲ್ಲಿ ಒಂದು ಮೇಜು, ನೀರಿನ ಲೋಟಗಳು, ಮೂರು ಖಾಲಿ ಕ್ರೇಟು. ಹಳದಿ ಟೀ ಶರ್ಟಿನ ಹುಡುಗಿಯೊಬ್ಬಳು ನಮ್ಮ ಗಾಡಿಯ ಕಡೆ ಓಡಿಬಂದಳು. ರಂಜಿನಿ ಎಂದು ಕೊರಳ ಕಾರ್ಡಿನಲ್ಲಿ ಬರೆದಿತ್ತು.

"ಈಗ ಬಂದ್ರಾ ಅಂಕಲ್. ಹಣ್ಣು ಖಾಲಿಯಾಗಿ ಎಷ್ಟೊತ್ತಾಯ್ತು. ಎಲ್ರೂ ಕೇಳ್ತಿದ್ದಾರೆ."

ಮರಿಸ್ವಾಮಿ ನನ್ನ ಮುಖ ನೋಡಿದ. ನಾನು ಅವಳಿಗೆ ಅಕ್ಕನ ನಂಬರು ಹೇಳಿದೆ, ಮೂವತ್ತರ ಚಾಪೆಯ ವಿಷಯ ಹೇಳಿದೆ. ಅವಳ ಮುಖ ಬದಲಾಯಿತು. ಯಾರಿಗೋ ಫೋನು ಮಾಡಿ, ದನಿ ತಗ್ಗಿಸಿ ಮಾತಾಡಿ ಬಂದಳು.

"ಆಂಬುಲೆನ್ಸಲ್ಲಿ ಇಬ್ರನ್ನ ಕರ್ಕೊಂಡು ಹೋಗಿದ್ದಾರಂತೆ. ಒಬ್ರು ಲೇಡಿ. ನಂಬರ್ ಕೇಳಿ ಹೇಳ್ತೀನಿ ಅಂದ್ರು."

ಅವಳು ಮೆಲ್ಲಗೇ ಹೇಳಿದ್ದಳು. ಅಪ್ಪಾಜಿಗೆ ಕೇಳಿಸಿತ್ತು. ಅವರು ಗಾಡಿಯ ಹಿಂದಕ್ಕೆ ಹೋಗಿ ಒಂದು ಕ್ರೇಟನ್ನು ಎಳೆದುಕೊಂಡರು.

"ಅಪ್ಪಾಜಿ, ಮೈದಾನದ ಹತ್ರ ಡಾಕ್ಟರ ಟೆಂಟ್ ಇರುತ್ತಂತೆ. ನಡೆದು ಹೋಗೋಣ."

"ಓಡೋರು ಈ ದಾರೀಲಿ ತಾನೆ ಬರಬೇಕು?"

"ಹೌದು."

"ಬಂದ್ರೆ ಇಲ್ಲೇ ಬರ್ತಾಳೆ." ಕ್ರೇಟನ್ನು ನೆಲಕ್ಕಿಳಿಸಿ ಅಂದರು, "ಓಟದೋರಿಗೆ ಅಂತ ಹೇಳಿದ್ದೀನಿ. ಕೊಡಬೇಕು."

ಹಗ್ಗದ ಪಕ್ಕ ನಿಂತು ಅವರು ಕೊಡತೊಡಗಿದರು. ಚಿಪ್ಪಿನಿಂದ ಒಂದೊಂದೇ ಹಣ್ಣು ಬಿಡಿಸಿ, ತೊಟ್ಟಿನ ಹತ್ತಿರ ಸಿಪ್ಪೆಯನ್ನು ಚೂರು ಸೀಳಿ ಮುಂದೆ ಹಿಡಿಯುತ್ತಿದ್ದರು, ಸೋತ ಕೈಗೆ ಸುಲಿಯಲು ಸುಲಭವಾಗಲಿ ಎಂದು. ನಾನೂ ಮರಿಸ್ವಾಮಿಯೂ ಸೇರಿಕೊಂಡೆವು. ಹಣ್ಣು ತೆಗೆದುಕೊಂಡವರು "ಥ್ಯಾಂಕ್ಯೂ ಅಂಕಲ್" ಅನ್ನುತ್ತಿದ್ದರು. ಅಪ್ಪಾಜಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಅದು ಅವಳಲ್ಲ ಎಂದು ಗೊತ್ತಾದ ಮೇಲೂ ಹಣ್ಣನ್ನು ಅಷ್ಟೇ ಜೋಪಾನವಾಗಿ ಕೈಗಿಡುತ್ತಿದ್ದರು.

ರಂಜಿನಿಯ ಫೋನು ರಿಂಗಾಯಿತು. ಅವಳು ಅತ್ತ ತಿರುಗಿ ಕೇಳಿಸಿಕೊಳ್ಳುತ್ತಿದ್ದಳು. ನಾನು ಅವಳ ಬೆನ್ನನ್ನೇ ನೋಡುತ್ತ ನಿಂತೆ. ಅದೇ ಹೊತ್ತಿಗೆ ನೀಲಿ ಟೋಪಿಯ ಒಬ್ಬಳು ತಲೆ ತಗ್ಗಿಸಿಕೊಂಡು ಬಂದು, ಅಪ್ಪಾಜಿಯ ಕೈಯಿಂದ ಹಣ್ಣು ಕಿತ್ತುಕೊಂಡು, ಮುಖ ಎತ್ತಿಯೂ ನೋಡದೆ ಮುಂದೆ ಹೋದಳು. ನಾಲ್ಕು ಹೆಜ್ಜೆ ಹೋದವಳು ಕೈಯಲ್ಲಿದ್ದ ಹಣ್ಣನ್ನು ನೋಡಿದಳು. ತೊಟ್ಟಿನ ಹತ್ತಿರ ಸೀಳಿದ ಸಿಪ್ಪೆಯನ್ನು ನೋಡಿದಳು. ಹಾಗೆ ಸೀಳಿಕೊಡುವವರು ಅವಳಿಗೆ ಒಬ್ಬರೇ ಗೊತ್ತು. ತಿರುಗಿದಳು.

"ಅಪ್ಪಾಜಿ? ಮಂಡೀಲಿ ಯಾರಿದ್ದಾರೆ?"

ಅಕ್ಕ ವಾಪಸ್ ಎರಡು ಹೆಜ್ಜೆ ಬಂದಳು. ಅಪ್ಪಾಜಿ ಕೈ ಬೀಸಿ ತಡೆದರು.

"ನಿಲ್ಬೇಡ," ಎಂದರು. "ಓಡು. ಓಡವ್ವ."

ಅವಳು ಓಡಿದಳು. ನಾನು ಹಗ್ಗದ ಕೆಳಗೆ ನುಸುಳಿ ಚಪ್ಪಲಿಯಲ್ಲೇ ಅವಳ ಪಕ್ಕ ಓಡಿದೆ.

"ಮೂವತ್ತರಲ್ಲಿ ಯಾಕೆ ಬರ್ಲಿಲ್ಲ ನೀನು?"

"ಬಂದೆನಲ್ಲೋ. ಬರ್ದೆ ಇಲ್ಲಿಗೆ ಹೆಂಗೆ ಬರ್ತೀನಿ?"

"ಫೋನಲ್ಲಿ ಬಂದಿಲ್ಲ."

ಸ್ವಲ್ಪ ದೂರ ಯೋಚಿಸುತ್ತ ಓಡಿದಳು. "ಓ. ರಂಗೋಲಿ."

ಉಸಿರಿನ ನಡುವೆ ತುಂಡು ತುಂಡಾಗಿ ಹೇಳಿದಳು. ಯಾವುದೋ ಬಡಾವಣೆಯ ಹೆಂಗಸರು ಓಡುವವರನ್ನು ಸ್ವಾಗತಿಸಲು ರಸ್ತೆ ತುಂಬ ರಂಗೋಲಿ ಬಿಟ್ಟಿದ್ದರು. ದೊಡ್ಡ ಲಿಂಗ, ಅದರ ಮೇಲೆ ವಿಭೂತಿಯ ಮೂರು ಗೆರೆ, ಸುತ್ತ ಬಿಲ್ವದೆಲೆ. ಅದಕ್ಕೆ ಅಂಟಿಕೊಂಡೇ ಚಾಪೆ. ಮುಂದಿನವರೆಲ್ಲ ತುಳಿದುಕೊಂಡೇ ಹೋಗಿದ್ದರು. ಇವಳು ಫುಟ್‌ಪಾತ್ ಹತ್ತಿ, ನಿಲ್ಲಿಸಿದ್ದ ಸ್ಕೂಟರುಗಳ ಹಿಂದೆ ಸುತ್ತಿಕೊಂಡು, ಆಚೆ ಇಳಿದಿದ್ದಳು. ಚಾಪೆಯ ನೆನಪೇ ಆಗಿರಲಿಲ್ಲ.

"ಕೊರಳಲ್ಲಿ ಕಟ್ಕೊಂಡಿರೋದನ್ನ ಶೂ ಹಾಕ್ಕೊಂಡು ಹೆಂಗೋ ತುಳೀಲಿ?" ಎಂದಳು.

ನಾನು ಅಲ್ಲೇ ನಿಂತುಬಿಟ್ಟೆ. ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿದೆ. ನಗು ಬಂತು, ಅದರ ಹಿಂದೆ ಇನ್ನೇನೋ ಬಂತು. ಓಡುತ್ತಿದ್ದವರೊಬ್ಬರು ನನ್ನ ಬೆನ್ನು ತಟ್ಟಿ, "ಇನ್ನು ನಾಲ್ಕೇ ಕಿಲೋಮೀಟ್ರು, ಬಿಡಬೇಡಿ" ಎಂದು ಹೇಳಿ ಹೋದರು.

ವಾಪಸ್ ಬಂದಾಗ ರಂಜಿನಿ ಹೇಳಿದಳು: ಆಂಬುಲೆನ್ಸಿನಲ್ಲಿ ಹೋದ ಹೆಂಗಸಿಗೆ ಕಾಲು ಹಿಡಿದುಕೊಂಡಿತ್ತಂತೆ, ಈಗ ಎದ್ದು ಕುಳಿತು ಕಾಫಿ ಕೇಳುತ್ತಿದ್ದಾರಂತೆ. ಅಪ್ಪಾಜಿ ಖಾಲಿ ಕ್ರೇಟೊಂದನ್ನು ಬೋರಲು ಹಾಕಿಕೊಂಡು ಕುಳಿತಿದ್ದರು. ನಾನು ರಂಗೋಲಿಯ ಕತೆ ಹೇಳಿದೆ. ಕೇಳಿಸಿಕೊಂಡು, ಹೆಗಲ ಮೇಲಿನ ಟವೆಲ್ಲಿನಿಂದ ಮುಖವನ್ನು ಬಹಳ ಹೊತ್ತು ಒರೆಸಿಕೊಂಡರು.

"ನಿಮ್ ಶಿವ ಸರ್ಯಾಗಿ ಆಟ ಆಡ್ಸುದ ಯಜಮಾನ್ರೇ," ಎಂದ ಮರಿಸ್ವಾಮಿ. "ಮಗಳು ಅವನ್ನ ತುಳೀಲಿಲ್ಲ ಅಂತ ನಮ್ಮುನ್ನ ಇಷ್ಟು ದೂರ ಓಡ್ಸುದ."

ಲೋಡು ಪೂರ್ತಿ ಖಾಲಿಯಾಗುವವರೆಗೂ ಅಪ್ಪಾಜಿ ಅಲ್ಲಿಂದ ಏಳದೆ ಕೂತಲ್ಲೇ ಹಣ್ಣು ಕೊಡುತ್ತಿದ್ದರು.

ಮಧ್ಯಾಹ್ನ, ರಸ್ತೆಗಳನ್ನು ಬಿಟ್ಟ ಮೇಲೆ, ಅಕ್ಕ ಪದಕ ಹಾಕಿಕೊಂಡು ಕುಂಟುತ್ತ ಬಂದಳು. ಮರದ ನೆರಳಿನಲ್ಲಿ ಗಾಡಿಯ ಹಿಂಬಾಗಿಲು ಇಳಿಸಿ ಅದರ ಮೇಲೆ ಕುಳಿತೆವು. ಪಟ್ಟಿಯಲ್ಲಿ ಅವಳ ಹೊತ್ತು ಇನ್ನೂ ಸೇರಿರಲಿಲ್ಲ. ಮೂವತ್ತರ ಚಾಪೆ ದಾಟದವರನ್ನು ವಿಡಿಯೊ ನೋಡಿ ತೀರ್ಮಾನಿಸುತ್ತಾರಂತೆ.

"ಸೇರಿಸ್ದೆ ಇದ್ರೆ?" ಎಂದೆ.

"ಮುಂದಿನ ವರ್ಷ ಮತ್ತೆ ಓಡ್ತೀನಿ."

ನಾನು ಅಪ್ಪಾಜಿಯ ಕಡೆ ನೋಡಿದೆ. ಅವರು ಮರಿಸ್ವಾಮಿ ಎತ್ತಿಟ್ಟಿದ್ದ ಕೊನೆಯ ಚಿಪ್ಪಿನಿಂದ ಹಣ್ಣು ಬಿಡಿಸಿ ಅವಳಿಗೆ ಕೊಡುತ್ತಿದ್ದರು. ಚೆಲುವಯ್ಯನವರಿಗೆ ಏನು ಹೇಳುವುದೆಂದು ಮರಿಸ್ವಾಮಿ ತನ್ನಷ್ಟಕ್ಕೆ ಗೊಣಗುತ್ತ ಮುಂದೆ ಹೋಗಿ ಗಾಡಿ ಸ್ಟಾರ್ಟ್ ಮಾಡಿದ.

"ನಿಮ್ಮವ್ವ ಬಸ್ಸಿಗೂ ಓಡ್ತಿರ್ಲಿಲ್ಲ," ಎಂದರು ಅಪ್ಪಾಜಿ.

ಅಕ್ಕ ಹಣ್ಣು ತಿನ್ನುವುದನ್ನು ನಿಲ್ಲಿಸಿದಳು.

"ಬಸ್ಸು ಕಣ್ಣ ಮುಂದೆ ಹೊರಟ್ರೂ ನಿಧಾನಕ್ಕೆ ನಡ್ಕೊಂಡು ಬರೋಳು. ಇನ್ನೊಂದು ಬರುತ್ತೆ ಬಿಡಿ ಅನ್ನೋಳು. ನಾನು ಮುಂದೆ ಓಡಿಹೋಗಿ ಕಂಡಕ್ಟರ್‌ನ ಹಿಡ್ಕೊಂಡು ನಿಂತಿರ್ತಿದ್ದೆ."

"ಆಮೇಲೆ?" ಎಂದಳು ಅಕ್ಕ.

ಮುಂದಿನ ಸೀಟಿನಲ್ಲಿದ್ದ ಮರಿಸ್ವಾಮಿ, ಮಾತು ಕೇಳಿಸಲಿ ಎಂದು, ಇಂಜಿನ್ ಆಫ್ ಮಾಡಿದ.