ಹಂಗಲ್ಲ

ಚೆಂಡು ಏಳಲಿಲ್ಲ. ಕೋಲಿನ ಕಬ್ಬಿಣದ ತುದಿ ನೆಲಕ್ಕೆ ಬಡಿದು ಅಂಗೈಯಗಲದ ಹುಲ್ಲು ಕಿತ್ತುಕೊಂಡು ಬಂತು. ಚೆಂಡು ಎರಡು ಉರುಳು ಉರುಳಿ ನಿಂತಿತು. ಗುರುಶಾಂತಮ್ಮ ಸೊಂಟಕ್ಕೆ ಸಿಗಿಸಿದ ಸೆರಗನ್ನು ಬಿಗಿ ಮಾಡಿಕೊಂಡು, ಕಿತ್ತುಬಂದ ಹುಲ್ಲನ್ನು ಕಾಲಿನಿಂದ ಮೊದಲಿನ ಜಾಗಕ್ಕೆ ಒತ್ತಿದಳು.

"ಹಂಗಲ್ಲ," ಎಂದ ಅವಳ ಗಂಡ ಕೊಟ್ಟೂರಪ್ಪ, ಬೆತ್ತದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ. "ಚೆಂಡನ್ನ ಎತ್ತಾಕ ಹೋಗಬ್ಯಾಡ. ಕೆಳಮುಖ ಹೊಡಿ. ಅದು ತಾನಾಗೇ ಏಳತೈತೆ."

"ಕೆಳಗೆ ಹೊಡೆದ್ರೆ ಮ್ಯಾಲೆ ಹೆಂಗೆ ಏಳತೈತ್ರಿ?"

"ಕೋಲಿನ ಮುಖ ಓರೆ ಐತೆ ನೋಡು. ಎತ್ತೋ ಕೆಲಸ ಅದರದ್ದು, ನಿಂದಲ್ಲ. ತೂಕ ಎಡಗಾಲ ಮ್ಯಾಲೆ ಬಿಡು. ಮಣಿಕಟ್ಟು ಮುರೀಬ್ಯಾಡ."

ಅವಳು ಇನ್ನೊಂದು ಚೆಂಡನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡಳು.

ಅದು ಹರಿಹರದ ಹೊಳೆದಂಡೆಯ ಬಯಲು. ಯಂತ್ರದ ಕಾರ್ಖಾನೆಗೆ ಹಿಂದೊಮ್ಮೆ ಬಂದಿದ್ದ ಇಂಗ್ಲಿಷ್ ಇಂಜಿನಿಯರೊಬ್ಬ ಅಲ್ಲಿ ಗಾಲ್ಫ್ ಆಡಲೆಂದು ಕೆಲವು ಗುಳಿ ತೋಡಿಸಿದ್ದ. ಹೆಚ್ಚಿನ ಗುಳಿಗಳ ಸುತ್ತ ಎಣ್ಣೆ ಬೆರೆಸಿದ ಮರಳು. ಪಂಪಿನ ನೀರು ಮುಟ್ಟುವ ಕೊನೆಯ ಗುಳಿಗೆ ಮಾತ್ರ ನಿಜವಾದ ಹುಲ್ಲು. ಒತ್ತಾಗಿ ಕತ್ತರಿಸಿದ ಆ ಹುಲ್ಲಿನ ವೃತ್ತವನ್ನು ಎಲ್ಲರೂ ಗ್ರೀನ್ ಎನ್ನುತ್ತಿದ್ದರು. ಇಂಗ್ಲಿಷಿನವನು ತನ್ನ ಊರಿಗೆ ಹೋದ ಮೇಲೂ ಆಟ ಬಿಡದವರು ನಾಲ್ಕಾರು ಮಂದಿ. ಅವರಲ್ಲಿ ದೂರ ಹೊಡೆಯುವವರು ಬೇರೆಯವರಿದ್ದರು. ಆದರೆ ಚೆಂಡು ಗ್ರೀನಿನ ಹೊರಗೆ, ಅಂಚಿನ ಒರಟು ಹುಲ್ಲಿನಲ್ಲಿ ಬಂದು ಕೂತಾಗ, ಅದನ್ನು ಮೆಲ್ಲಗೆ ಚಿಪ್ ಮಾಡಿ, ಮೊಣಕಾಲೆತ್ತರ ಹಾರಿಸಿ, ಗ್ರೀನಿಗಿಳಿಸಿ, ಗುಳಿಯ ಬಾಯಿಯವರೆಗೆ ಉರುಳಿಸುವ ಹದ ಲೇತ್ ವಿಭಾಗದ ಕೊಟ್ಟೂರಪ್ಪನ ಕೈಗಷ್ಟೇ ಒಲಿದಿತ್ತು.

ಆ ಕೈಗೆ ದೀಪಾವಳಿಯ ಮರುದಿನ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಬಾಯಿಯ ಒಂದು ಪಕ್ಕ. ನಲವತ್ತೆರಡರ ಗಂಡಸು ಮಗುವಿನಂತೆ ಅನ್ನ ಉಣಿಸಿಕೊಳ್ಳುವಂತಾದ. ಮಾತು ಒಂದು ತಿಂಗಳಲ್ಲಿ ಮರಳಿ ಬಂತು ಎಂದು ಡಾಕ್ಟರು ಹೇಳಿದರು. ಆದರೆ ಅವನು ಮಾತಾಡಲಿಲ್ಲ. ಕ್ವಾರ್ಟರ್ಸಿನ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಮಕ್ಕಳಿಲ್ಲದ ಮನೆ, ಗುರುಶಾಂತಮ್ಮ ಒಬ್ಬಳೇ ಮಾತಾಡಿ, ಒಬ್ಬಳೇ ಉತ್ತರ ಕೊಟ್ಟುಕೊಂಡು ಚಳಿಗಾಲ ಕಳೆದಳು.

ಒಂದು ಮಧ್ಯಾಹ್ನ ಮನೆ ಗುಡಿಸುವಾಗ ಮಂಚದಡಿಯಲ್ಲಿ ಒಂದು ಚೆಂಡು ಕಂಡಿತು. ಕೈಗೆ ನಿಲುಕದೆ, ಮೂಲೆಯಲ್ಲಿದ್ದ ಆಟದ ಕೋಲುಗಳಲ್ಲಿ ಒಂದನ್ನು ತೆಗೆದುಕೊಂಡು, ಕಸಬರಿಗೆ ಹಿಡಿದಂತೆ ಹಿಡಿದು ತಡಕುತ್ತಿದ್ದಳು.

"ಹಂಗಲ್ಲ."

ಯಾರ ದನಿಯೆಂದು ಅವಳಿಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ತಿರುಗಿ ನೋಡಿದರೆ ಅವನು ಈ ಕಡೆ ಹೊರಳಿದ್ದ.

"ಕೋಲು ಹಿಡಿಯೋದು ಹಂಗಲ್ಲ. ಎಡಗೈ ಮ್ಯಾಲೆ ಬರಬೇಕು."

ಅವಳು ಎಡಗೈ ಮೇಲೆ ತಂದಳು. ಅದೂ ತಪ್ಪಾಯಿತು. ಅವನು ಇನ್ನೂ ನಾಲ್ಕು ಮಾತಾಡಿದ. ಕೋಲು ಹಿಡಿಯುವುದನ್ನು ಕಲಿಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಸುರಿದಿತ್ತು. ಅವಳಿಗೆ ಅದರ ಲಕ್ಷ್ಯವಿರಲಿಲ್ಲ.

ಅವಳು ಹೇಳಿ ಕಳಿಸಿದ್ದಕ್ಕೆ ಅಂದಿನಿಂದ ಪ್ರತಿ ಭಾನುವಾರ ಸಂಜೆ ಹಿದಾಯತ್ ತನ್ನ ಹಳೆ ಜೀಪು ತರತೊಡಗಿದ. ಅವನು ಕಾರ್ಖಾನೆಯ ನಕಾಶೆ ವಿಭಾಗದವನು, ಕೊಟ್ಟೂರಪ್ಪನ ಆಟದ ಜೊತೆಗಾರ. ಅವನೂ ಗುರುಶಾಂತಮ್ಮನೂ ಸೇರಿ ಕೊಟ್ಟೂರಪ್ಪನನ್ನು ಇಳಿಸಿ, ಗ್ರೀನಿನ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಹಿದಾಯತ್ ಬೇರೆ ಗುಳಿಗಳ ಕಡೆ ಆಡುತ್ತ ಹೋದರೆ ಇವರಿಬ್ಬರೇ ಉಳಿಯುತ್ತಿದ್ದರು. ಕ್ವಾರ್ಟರ್ಸಿನ ಹೆಂಗಸರು ನಗುತ್ತಾರೆಂಬುದು ಗುರುಶಾಂತಮ್ಮನಿಗೆ ಗೊತ್ತಿತ್ತು. ಲಕ್ವ ಹೊಡೆದ ಗಂಡನನ್ನು ಬಯಲಲ್ಲಿ ಕೂರಿಸಿ ತಾನು ಆಡುತ್ತಾಳೆ ಎಂಬ ಮಾತು ಆನೆಕೊಂಡದ ತವರಿನವರೆಗೂ ಹೋಗಿ ಬಂದಿತ್ತು. ತಾಯಿ ಬಂದು ಅತ್ತು ಹೋದಳು.

"ಗುಳಿ ನೋಡಬ್ಯಾಡ," ಎನ್ನುತ್ತಿದ್ದ ಕೊಟ್ಟೂರಪ್ಪ. "ಚೆಂಡು ಎಲ್ಲಿ ಇಳೀಬೇಕೋ ಆ ಜಾಗ ನೋಡಿಕೋ. ಅಲ್ಲಿಂದ ಮುಂದೆ ಅದರ ದಾರಿ ಅದಕ್ಕೆ ಗೊತ್ತೈತೆ."

ಮೊದಲು ಮೂರು ಮಾತಿಗೆ ಸೋಲುತ್ತಿದ್ದ ನಾಲಗೆ ಬರಬರುತ್ತ ಸಲೀಸಾಯಿತು. ಅವನು ಬೈಯತೊಡಗಿದ. ಕಾರ್ಖಾನೆಯಲ್ಲಿ ಕೆಲಸಗಾರರನ್ನು ಬೈಯುತ್ತಿದ್ದ ಅದೇ ಜೋರು. ಗುರುಶಾಂತಮ್ಮ ತಲೆ ತಗ್ಗಿಸಿ ಬೈಸಿಕೊಂಡಳು. ಮನೆಗೆ ಬಂದ ಮೇಲೆ ಅವನು ರೊಟ್ಟಿ ಕೇಳಿ ಹಾಕಿಸಿಕೊಂಡ.

ಹೋಳಿ ಹುಣ್ಣಿಮೆ ಕಳೆದ ಮೇಲೊಂದು ಸಂಜೆ ಅವಳ ಕೈಗೆ ಆ ಹದ ಬಂತು. ಹೇಗೆ ಬಂತೆಂದು ಅವಳಿಗೂ ತಿಳಿಯಲಿಲ್ಲ. ಹೊಡೆದದ್ದು ಹೊಡೆದಂತೆಯೇ ಅನ್ನಿಸಲಿಲ್ಲ. ಟಕ್ ಎಂದು ಸಣ್ಣದೊಂದು ಸದ್ದು, ಅಷ್ಟೆ. ಚೆಂಡು ತಗ್ಗಾಗಿ ಹಾರಿ, ಗ್ರೀನಿನ ಅಂಚು ದಾಟಿ ಇಳಿದು, ಅವಸರವಿಲ್ಲದೆ ಉರುಳಿ ಗುಳಿಯ ಪಕ್ಕದಲ್ಲಿ ನಿಂತಿತು. ಇನ್ನೊಂದು ಹೊಡೆದಳು. ಅದೂ ಅಲ್ಲೇ ಹೋಯಿತು. ಮೂರನೆಯದು ಗುಳಿಯೊಳಗೆ ಬಿತ್ತು. ದೂರದಿಂದ ನೋಡುತ್ತಿದ್ದ ಹಿದಾಯತ್ ಚಪ್ಪಾಳೆ ತಟ್ಟುತ್ತ ಬಂದ.

"ಶಾಬಾಶ್ ಭಾಬಿ. ಥೇಟ್ ಕೊಟ್ರಪ್ಪಣ್ಣಂದೇ ಕೈ."

ಕೊಟ್ಟೂರಪ್ಪ ನಕ್ಕ. ಬಾಯಿಯ ಒಂದೇ ಪಕ್ಕ ನಕ್ಕರೂ ನಿಜವಾಗಿ ನಕ್ಕ. ಆಮೇಲೆ, "ಆ ಕೋಲು ಕೊಡು ಇಲ್ಲಿ. ಹಿದಾಯತ್, ನನ್ನ ಎಬ್ಬಿಸಿ ಹಿಡಿ," ಎಂದ.

"ಬ್ಯಾಡ್ರಿ," ಎಂದಳು ಗುರುಶಾಂತಮ್ಮ.

"ಕೊಡು ಅಂದ್ನಲ್ಲ."

ಹಿದಾಯತ್ ಅವನ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದ. ಎಡಗೈ ಕೋಲನ್ನು ಹಿಡಿಯಿತು. ಬಲಗೈಯನ್ನು ಗುರುಶಾಂತಮ್ಮ ತಾನೇ ಎತ್ತಿ ಕೋಲಿನ ಮೇಲೆ ಇಟ್ಟಳು. ಅದು ಅಲ್ಲಿ ನಿಲ್ಲಲಿಲ್ಲ. ಮತ್ತೆ ಇಟ್ಟಳು. ಅವನು ಕೋಲನ್ನು ಒಂದು ಗೇಣು ಹಿಂದಕ್ಕೆ ಒಯ್ದ. ಅಷ್ಟರಲ್ಲಿ ಬಲಗೈ ಜಾರಿ ಕೆಳಗೆ ನೇತಾಡಿತು. ಕೋಲು ತಿರುಗಿ ಅವನದೇ ಕಾಲಿಗೆ ತಾಗಿ ಬಿತ್ತು. ಚೆಂಡು ಇದ್ದಲ್ಲೇ ಇತ್ತು.

"ಮನೆಗೆ ನಡೀರಿ," ಎಂದ ಕೊಟ್ಟೂರಪ್ಪ.

ಮರುದಿನದಿಂದ ಮತ್ತೆ ಗೋಡೆಯ ಕಡೆಗೇ ಮುಖ. ಭಾನುವಾರ ಬಂದ ಜೀಪು ಬರಿದೇ ಹಿಂತಿರುಗಿತು. "ಒಂದು ಟೇಬಲ್ ಕೆಲಸ ಐತೆ ಅಣ್ಣಾ, ನಕಾಶೆ ತಪಾಸಣೆದು. ಕೂತು ಮಾಡೋದು, ಎಡಗೈ ಸಾಕು. ಮ್ಯಾನೇಜರ್ರೂ ಹೂಂ ಅಂದಾರೆ," ಎಂದು ಹಿದಾಯತ್ ಎಷ್ಟು ಹೇಳಿದರೂ ಅವನು ಈ ಕಡೆ ಹೊರಳಲಿಲ್ಲ.

ಅದೇ ವಾರ ಕೊಟ್ಟೂರಪ್ಪನ ಅಣ್ಣ ಪಂಚಾಕ್ಷರಪ್ಪ ದಾವಣಗೆರೆಯಿಂದ ಬಂದ. ಹತ್ತಿ ವ್ಯಾಪಾರದ ಮನೆತನ. ಹತ್ತಿ ಅಂಗಡಿಯ ಗಾದಿಯ ಮೇಲೆ ಕೂರಲಾರೆ, ನನಗೆ ಕಬ್ಬಿಣದ ಕೆಲಸವೇ ಬೇಕು ಎಂದು ಜಗಳವಾಡಿ ಹರಿಹರ ಸೇರಿದ್ದ ತಮ್ಮನ ಮಂಚದ ಪಕ್ಕದಲ್ಲಿ ಅವನು ಬಹಳ ಹೊತ್ತು ಕೂತ.

"ಇಲ್ಲಿ ಏನು ಉಳಿದೈತೆ ತಮ್ಮಾ? ನಡೀರಿ, ಮನೆಗೆ ಹೋಗಾಣ. ಪಡಸಾಲೆ ಪಕ್ಕದ ಕೋಣೆ ಖಾಲಿ ಮಾಡಿಸೀನಿ. ಮಂದಿ ಬಂದು ಹೋಗೋ ಜಾಗ, ಹೊತ್ತು ಹೋಗತೈತೆ."

"ಆಗ್ಲಿ," ಎಂದ ಕೊಟ್ಟೂರಪ್ಪ, ತಲೆಯನ್ನೂ ಎತ್ತದೆ.

ಬಾಗಿಲಲ್ಲಿ ನಿಂತಿದ್ದ ಗುರುಶಾಂತಮ್ಮನಿಗೆ ಜಗಳವಿಲ್ಲದ ಆ ಒಂದು ಮಾತೇ ಭಯ ಹುಟ್ಟಿಸಿತು. ಅವನು ಬೇಡವೆಂದು ಜಗಳವಾಡಿದ್ದರೆ ಅವಳೇ ಸಮಾಧಾನ ಮಾಡಿ ಒಪ್ಪಿಸುತ್ತಿದ್ದಳೋ ಏನೋ. "ಒಂದೆರಡು ತಿಂಗಳು ತಡೀರಿ ಭಾವ, ಡಾಕ್ಟರ್ನ ಒಂದು ಮಾತು ಕೇಳಿ ಬರ್ತೀವಿ," ಎಂದಷ್ಟೇ ಹೇಳಿ ಕಳುಹಿಸಿದಳು.

ಭಾನುವಾರ ಜೀಪಿನ ಸದ್ದು ಕೇಳಿದಾಗ ಅವಳು ಗಂಡನ ಬಳಿ ಬಂದು ನಿಂತಳು.

"ನಿನ್ನೆ ಹಿತ್ತಲಾಗ ಹೊಡೆದು ನೋಡಿದೆ. ಕೈ ತಪ್ಪೈತ್ರಿ. ಒಂದೂ ಏಳವಲ್ದು. ಏನು ತಪ್ಪಾಗೈತೋ ಒಂದ್ಸಲ ಬಂದು ನೋಡ್ರಿ."

ಅವನು ನಿಧಾನವಾಗಿ ಈ ಕಡೆ ಹೊರಳಿದ. ಆಮೇಲೆ ಎಡಗೈಯನ್ನು ಅವಳ ಕಡೆ ಚಾಚಿದ.

ಅಂದು ಅವಳು ನೆಲಕ್ಕೆ ಬಡಿದಳು. ಮುಂದಿನ ಹೊಡೆತಕ್ಕೆ ಮಣಿಕಟ್ಟು ಮುರಿದು ಚೆಂಡನ್ನು ಗ್ರೀನಿನಾಚೆಗೆ ಹಾರಿಸಿದಳು. ಸರಿಯಾಗಿ ಬಂದ ಕೈಯನ್ನು ಕೊನೆಯ ಗಳಿಗೆಯಲ್ಲಿ ತಪ್ಪಿಸುವುದು ಅವಳೆಣಿಸಿದ್ದಕ್ಕಿಂತ ಕಷ್ಟವಿತ್ತು. ಎಷ್ಟೋ ಸಂಜೆ ಬೈಸಿಕೊಂಡು ಕಲಿತದ್ದನ್ನು ಮೈ ಬಿಟ್ಟುಕೊಡಲು ಒಪ್ಪುತ್ತಿರಲಿಲ್ಲ. ಎಷ್ಟನೆಯದೋ ಚೆಂಡಿಗೆ ಕುರ್ಚಿಯಲ್ಲಿದ್ದವನು ಗಂಟಲು ಸರಿಮಾಡಿಕೊಂಡ.

"ತೂಕ ಹಿಂದಕ್ಕೆ ಬಿಡ್ತಿದ್ದೀಯ. ಎಲ್ಲಾ ಮರೆತು ಕುಂತೀಯೇನು?"

"ಮರೆತುಹೋಗೈತ್ರಿ," ಎಂದಳು. ಅವನಿಗೆ ಬೆನ್ನು ಮಾಡಿ ನಿಂತಿದ್ದಳು; ಮುಖ ಕಾಣಲಿಲ್ಲ.

ಹಾಗೆ ಬೇಸಿಗೆ ಕಳೆಯಿತು. ಪ್ರತಿ ವಾರ ಅವಳು ಒಂದು ತಪ್ಪು ತಿದ್ದಿಕೊಂಡು ಇನ್ನೊಂದನ್ನು ಹುಡುಕಿಕೊಳ್ಳುತ್ತಿದ್ದಳು. ಒಂದೋ ಎರಡೋ ಚೆಂಡನ್ನು ಸರಿಯಾಗಿ ಹೊಡೆದು ಅವನ ಮುಖ ಅರಳಿಸುವಳು; ಮರುಗಳಿಗೆಯೇ ಹಾಳು ಮಾಡುವಳು. ಕೊಟ್ಟೂರಪ್ಪ ತಾನೇ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. ಗೋಡೆ ಹಿಡಿದು ಬಚ್ಚಲಿನವರೆಗೆ ನಡೆದ. ಒಂದು ಸಂಜೆ ಜೀಪು ಹತ್ತುವಾಗ, "ಹಿದಾಯತ್, ಆ ಟೇಬಲ್ ಕೆಲಸಕ್ಕ ಯಾರನ್ನಾದ್ರೂ ಹಾಕಿದ್ರೇನು?" ಎಂದು ಕೇಳಿದ. ಹಿದಾಯತ್ ಉತ್ತರ ಕೊಡುವ ಮೊದಲು ಗುರುಶಾಂತಮ್ಮನ ಮುಖ ನೋಡಿದ. ಅವಳು ಬೇಕೆಂದೇ ತಪ್ಪಿಸುತ್ತಿರುವುದು ಅವನಿಗೆ ಗೊತ್ತಿತ್ತು. ಅವಳು ಬೇರೆ ಕಡೆ ತಿರುಗಿಕೊಂಡಳು.

ಮುಂಗಾರಿನ ಮೊದಲ ಮಳೆ ಬಂದು ಹೋದ ವಾರ ಗ್ರೀನ್ ಹೊಸದಾಗಿ ಚಿಗುರಿತ್ತು. ಅವಳು ಆಗಲೇ ಒಂದಷ್ಟು ಚೆಂಡು ಕೆಡಿಸಿ, ಬೈಸಿಕೊಂಡು ಮುಗಿಸಿದ್ದಳು. ಅಷ್ಟರಲ್ಲಿ ಹೊಳೆಯ ಕಡೆಯಿಂದ ಹಿದಾಯತ್ ಕೂಗಿದ.

"ಭಾಬಿ, ನನ್ನ ಚೆಂಡು ಅಲ್ಲೇನಾರ ಬಂತೇನು?"

"ಬಂದೈತೆ, ಇಲ್ಲೇ ಐತೆ," ಎಂದು ಕೂಗುತ್ತ ಗುರುಶಾಂತಮ್ಮ ಅತ್ತ ನಡೆದಳು. ಗ್ರೀನಿನಿಂದ ದೂರ, ಒದ್ದೆ ಹುಲ್ಲಿನ ತಗ್ಗಿನಲ್ಲಿ ಅರ್ಧ ಹುದುಗಿ ಕೂತಿತ್ತು ಚೆಂಡು. ಅವಳ ಗಮನ ಹಿದಾಯತನ ಮೇಲೆ, ಹೊಳೆಯಾಚೆ ಮತ್ತೆ ಕಟ್ಟುತ್ತಿದ್ದ ಮೋಡದ ಮೇಲೆ. ಹೊರಡುವ ಹೊತ್ತಾಯಿತು ಎಂದುಕೊಳ್ಳುತ್ತ, ನಿಂತಂತೆಯೇ ಕೋಲು ಆಡಿಸಿಬಿಟ್ಟಳು.

ಟಕ್ ಎಂದಿತು. ಚೆಂಡು ತಗ್ಗಿನಿಂದ ನೀರಿನ ಹನಿ ಸಮೇತ ಎದ್ದು, ಅಂಚು ದಾಟಿ ಇಳಿದು, ಇಳಿಜಾರಿನಲ್ಲಿ ಬಲಕ್ಕೆ ಬಾಗಿ ಹೋಗಿ, ಗುಳಿಯಲ್ಲಿ ಬಿತ್ತು.

ಅವಳು ಕೂಡಲೇ ಕುರ್ಚಿಯ ಕಡೆ ನೋಡಿದಳು. ಅವನು ಗುಳಿಯನ್ನು ನೋಡುತ್ತಿರಲಿಲ್ಲ. ಅವಳ ಕೈಗಳನ್ನು ನೋಡುತ್ತಿದ್ದ.

"ಹೆಂಗೋ ಬಿತ್ತು ನೋಡ್ರಿ," ಎಂದಳು.

"ಹೆಂಗೋ ಬೀಳೋದಲ್ಲ ಅದು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಎಷ್ಟು ದಿನದಿಂದ ಬರತೈತೆ ನಿನಗ?"

ಅವಳು ಕೋಲನ್ನು ನೆಲಕ್ಕಿಟ್ಟು ಬಂದು ಅವನ ಕಾಲ ಬಳಿ ಒದ್ದೆ ಹುಲ್ಲಿನ ಮೇಲೆಯೇ ಕೂತಳು.

"ಅವತ್ತು ಬಂದಿದ್ದು ಹೋಗೇ ಇಲ್ರಿ."

"ಮತ್ತೆ ಇಷ್ಟು ದಿನ?"

"ನೀವು ಮಾತಾಡ್ತಿದ್ರಿ," ಎಂದಳು. "ಬೈತಿದ್ರಿ. ಬೈಯೋವಾಗ ಮುಂಚಿನಂಗೆ ಇರ್ತಿದ್ರಿ."

ಕೊಟ್ಟೂರಪ್ಪ ಎಡಗೈಯನ್ನು ಅವಳ ತಲೆಯ ಮೇಲಿಟ್ಟ. ಅದು ಅಲ್ಲಿಯೇ ಇತ್ತು. ಸವರಲಿಲ್ಲ, ತೆಗೆಯಲೂ ಇಲ್ಲ.

"ಹಂಗಾದ್ರೆ ಇಷ್ಟು ದಿನ ನಾನು ಕಲಿಸ್ತಿದ್ದಿದ್ದು ಯಾರಿಗೆ, ಶಾಂತಾ?"

ಅವಳಿಗೆ ಅಳು ಬಂತು. "ನನಗೇರಿ. ನೀವು ಕಲಿಸಿದ್ದೆಲ್ಲ ನನ್ನ ಕೈಯಾಗ ಐತೆ."

"ಹೂಂ," ಎಂದ ಅವನು. "ನಿನ್ನ ಕೈಯಾಗ ಐತೆ."

ಹಿದಾಯತ್ ಹತ್ತಿರ ಬಂದವನು ಇವರನ್ನು ನೋಡಿ, ಜೀಪಿನ ಕಡೆಗೆ ತಿರುಗಿ ಹೋದ. ಹೊಳೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಕೊಟ್ಟೂರಪ್ಪ ಹೇಳಿದ:

"ಅಣ್ಣಗ ಬರಾಕ ಹೇಳಿ ಕಳಸು. ದಾವಣಗೆರೆಗೆ ಹೋಗಾಣ."

"ಹಂಗನ್ನಬ್ಯಾಡ್ರಿ. ಟೇಬಲ್ ಕೆಲಸ..."

"ಕಳಸು." ಕೈ ಅವಳ ತಲೆಯಿಂದ ಜಾರಿತು. "ಏಳು. ಮಳೆ ಬರೋದ್ರೊಳಗೆ ಉಳಿದವನ್ನ ಹೊಡಿ. ತಪ್ಪಸಬ್ಯಾಡ. ನಾನು ನೋಡಬೇಕು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಬೆಳಿಗ್ಗೆ ಸೀರೆ ಉಡುವಾಗ, ರೊಟ್ಟಿ ತಟ್ಟುವಾಗ ಇರುವಷ್ಟೇ ಸಹಜವಾಗಿತ್ತು ಕೈ. ಒಂದು ಹೊಡೆದಳು. ಅದು ಗುಳಿಯ ಹತ್ತಿರ ನಿಂತಿತು. ಇನ್ನೊಂದು ಅದಕ್ಕೆ ತಾಗಿಕೊಂಡು ನಿಂತಿತು. ಅವಳು ಪ್ರತಿ ಸಲವೂ ಹೊಡೆದು, ತಲೆ ತಗ್ಗಿಸಿಕೊಂಡೇ ಒಂದು ಕ್ಷಣ ಕಾಯುತ್ತಿದ್ದಳು. ಕುರ್ಚಿಯಿಂದ ಹಂಗಲ್ಲ ಎಂಬ ಮಾತು ಬರುತ್ತಿರಲಿಲ್ಲ. ತಿದ್ದುವುದೇನೂ ಇರಲಿಲ್ಲ.

ಕೊನೆಯ ಚೆಂಡು ಉರುಳಿ ನಿಂತ ಮೇಲೆ ಅವಳು ತಿರುಗಿದಳು. ದಪ್ಪ ಹನಿಗಳು ಅಲ್ಲೊಂದು ಇಲ್ಲೊಂದು ಬೀಳತೊಡಗಿದ್ದವು. ಕೊಟ್ಟೂರಪ್ಪ ಗ್ರೀನನ್ನು ನೋಡುತ್ತಿರಲಿಲ್ಲ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ಅದರ ಬೆರಳುಗಳನ್ನು, ಕೋಲು ಹಿಡಿಸುವಂತೆ, ಒಂದೊಂದಾಗಿ ಮಡಚುತ್ತಿದ್ದ. ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಕೊನೆಯದನ್ನು ಮಡಚುವಷ್ಟರಲ್ಲಿ ಮೊದಲಿನವು ಮೆಲ್ಲಗೆ ಬಿಚ್ಚಿಕೊಳ್ಳುತ್ತಿದ್ದವು. ಅವನು ಮತ್ತೆ ಕಿರುಬೆರಳಿನಿಂದ ಶುರು ಮಾಡುತ್ತಿದ್ದ.