ಅಮರಯ್ಯನವರ ಪ್ರಸಂಗದ ಪುಸ್ತಕ

“ಇಲ್ಲಿ ಒಂದು ಗುಟುಕು ನೀರು ಕುಡಿಯುವುದು,” ಎಂದು ಕೃಪಾ ಗಟ್ಟಿಯಾಗಿ ಓದಿದಳು.

ಓದಿದ ಮೇಲೆ ಅವಳಿಗೇ ಅನುಮಾನ ಬಂತು. ಅಷ್ಟರಲ್ಲಿ ಎದುರಿಗೆ ಚಾಪೆಯ ಮೇಲೆ ಕುಳಿತಿದ್ದ ಗದಿಗೆಮ್ಮ ಚೀಲದಿಂದ ಬಾಟಲಿ ತೆಗೆದು, ತಾನೊಂದು ಗುಟುಕು ಕುಡಿದು, ಭಕ್ತಿಯಿಂದ ಗಂಡ ಮೌನಪ್ಪನಿಗೆ ದಾಟಿಸಿದಳು. ಅವನು ಕುಡಿದು ಪಕ್ಕದವನಿಗೆ ಕೊಟ್ಟ. ಏಪ್ರಿಲ್ ತಿಂಗಳ ಮಧ್ಯಾಹ್ನ. ಲಿಂಗಂಪಲ್ಲಿಯ ತೆಲುಗು ಚರ್ಚಿನ ಹಿಂದಿದ್ದ ತಗಡಿನ ಶೆಡ್ಡು ಕಾದ ಹೆಂಚಿನಂತಾಗಿತ್ತು. ಪ್ರಸಂಗದಲ್ಲೇ ನೀರು ಕುಡಿಯಿರಿ ಎಂದು ಬಂದರೆ ಬೇಡ ಎನ್ನುವವರು ಯಾರು? ಬಾಟಲಿ ಮೂರು ಸಾಲು ದಾಟಿತು.

ಕೃಪಾ ಪುಟವನ್ನು ಮತ್ತೆ ನೋಡಿದಳು. ಆ ಸಾಲು ಅಚ್ಚಿನದಲ್ಲ. ಎರಡು ಪ್ಯಾರಾಗಳ ನಡುವಿನ ಜಾಗದಲ್ಲಿ ಯಾರೋ ಪೆನ್ಸಿಲ್ಲಿನಿಂದ ಮುದ್ದಾಗಿ ಬರೆದದ್ದು. ಅವಳ ಕಿವಿ ಬಿಸಿಯಾಯಿತು. ಈ ಸಲವೂ ಹೋಯಿತು ನನ್ನ ಮಾನ, ಅಂದುಕೊಂಡಳು.

ಹೋದ ತಿಂಗಳು ಹೋದದ್ದೇ ಸಾಕಾಗಿತ್ತು. ಮಂಗಳೂರಿನಿಂದ ಬಂದು ಹೈಟೆಕ್ ಸಿಟಿಯಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇಡೀ ಊರಿನಲ್ಲಿ ಅವಳ ಕಿವಿಗೆ ಎರಡು ತಾಸು ಕನ್ನಡ ಬೀಳುತ್ತಿದ್ದುದು ಈ ಭಾನುವಾರದ ಸಭೆಯಲ್ಲಿ ಮಾತ್ರ. ಬರುವವರಲ್ಲಿ ಬಹಳ ಮಂದಿ ರಾಯಚೂರು, ಬೀದರ್ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಪಾದ್ರಿಗಳಿಲ್ಲದ ಸಭೆ. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಿಂದ ನಿವೃತ್ತರಾದ ಅಮರಯ್ಯನವರು ಹದಿನೈದು ವರ್ಷಗಳಿಂದ ದಪ್ಪ ಪುಸ್ತಕವೊಂದನ್ನು ಹಿಡಿದು, ಅದರಲ್ಲಿದ್ದ ಹಳೆಯ ಪ್ರಸಂಗಗಳನ್ನೂ ಪ್ರಾರ್ಥನೆಗಳನ್ನೂ ವಾರಕ್ಕೊಂದರಂತೆ ಓದುತ್ತಿದ್ದರು. ಮುಗಿದರೆ ಮತ್ತೆ ಮೊದಲಿನಿಂದ.

ಕೃಪಾಳಿಗೆ ಅದು ತಂಗಳನ್ನ ಅನ್ನಿಸಿತ್ತು. ಒಂದು ವಾರ ತಾನು ಮಾತಾಡುತ್ತೇನೆಂದು ಕೇಳಿಕೊಂಡು, ಲ್ಯಾಪ್‌ಟಾಪಿನಲ್ಲಿ ಹನ್ನೆರಡು ಸ್ಲೈಡು ಮಾಡಿಕೊಂಡು ಬಂದಳು. ಕೆಲಸದ ಒತ್ತಡವನ್ನು ಗೆಲ್ಲುವ ಬಗ್ಗೆ. ಮೂರನೇ ಸ್ಲೈಡಿಗೆ ಗದಿಗೆಮ್ಮ ಗೊರಕೆ ಹೊಡೆದಳು. ಐದನೆಯದಕ್ಕೆ ಮೌನಪ್ಪ ಬೀಡಿಗೆಂದು ಎದ್ದ, ಹಿಂದೆಯೇ ನಾಲ್ವರು. ಆಮೇಲೆ ಒಬ್ಬರೂ ಒಂದು ಮಾತು ಆಡಲಿಲ್ಲ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಈಗ ಅಮರಯ್ಯನವರ ಬಲಗಣ್ಣಿಗೆ ಆಪರೇಷನ್ ಆಗಿತ್ತು. ಇವತ್ತು ಬಂದ ಕೂಡಲೇ ಅವರು ಪುಸ್ತಕವನ್ನು ಅವಳ ಕೈಗಿತ್ತಿದ್ದರು. ಅವಳೂ ಮನಸ್ಸಿನಲ್ಲೇ ಲೆಕ್ಕ ಮಾಡಿ ಒಪ್ಪಿದ್ದಳು: ಇವತ್ತೂ ಜನ ಎದ್ದು ಹೋದರೆ, ಬರುವ ಭಾನುವಾರದಿಂದ ಯಾವುದಾದರೂ ಇಂಗ್ಲಿಷ್ ಸಭೆ, ಈ ಕಡೆ ತಲೆ ಹಾಕುವುದಿಲ್ಲ.

ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕುಳಿತಿದ್ದ ಅಮರಯ್ಯನವರು ಹೊಟ್ಟೆ ಕುಣಿಸಿ ನಗತೊಡಗಿದರು.

“ಯವ್ವಾ ಕೃಪಮ್ಮ, ಅದು ಪ್ರಸಂಗ ಅಲ್ಲ! ನಮ್ಮಪ್ಪ ತನಗಂತ ಬರಕೊಂಡದ್ದು. ಬೀದರ್ ಸುತ್ತ ಹಳ್ಳಿ ಹಳ್ಳಿ ನಡಕೊಂಡು ಹೋಗಿ ಇದನ್ನ ಓದತಿದ್ದ.”

“ಸಾರಿ ಅಂಕಲ್. ಇನ್ನು ಅದನ್ನು ಬಿಟ್ಟು ಓದ್ತೇನೆ.”

“ಬಿಡಬ್ಯಾಡ. ಹದಿನೈದು ವರ್ಷ ನಾ ಬಿಟ್ಟು ಬಿಟ್ಟೇ ಓದೀನಿ. ಒಬ್ಬರ ಬಾಯಾಗೂ ಅದನ್ನ ಕೇಳಿಲ್ಲ. ಓದು, ಎಲ್ಲಾ ಓದು.”

ಕೃಪಾ ಓದಿದಳು. ಕಳೆದುಹೋದ ಒಂದು ನಾಣ್ಯಕ್ಕಾಗಿ ಮನೆಯೆಲ್ಲ ಗುಡಿಸಿದ ಹೆಂಗಸಿನ ಕಥೆಯ ಮೇಲಿನ ಪ್ರಸಂಗ. ದೇವರೂ ಹಾಗೆಯೇ ಕಸಬರಿಗೆ ಹಿಡಿದು ನಮ್ಮನ್ನು ಮೂಲೆ ಮೂಲೆಯಲ್ಲಿ ಹುಡುಕುತ್ತಾನೆ ಎಂದಿತ್ತು ಅಚ್ಚಿನಲ್ಲಿ. ಪಕ್ಕದಲ್ಲಿ ಪೆನ್ಸಿಲ್: “ಇಲ್ಲಿ ಅವಳು ನಗುತ್ತಾಳೆ. ಆ ಕಡೆ ನೋಡಬಾರದು.”

“ನಮ್ಮವ್ವ ರೀ!” ಅಮರಯ್ಯನವರು ಕುರ್ಚಿಯ ಕೈ ಬಡಿದರು. “ಅಪ್ಪ ಮನ್ಯಾಗ ಒಂದು ದಿನಾನೂ ಕಸಬರಿಗಿ ಮುಟ್ಟಿದಾಂವಲ್ಲ!”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಗದಿಗೆಮ್ಮ ಮೊಣಕೈಯಿಂದ ಗಂಡನನ್ನು ತಿವಿದು, “ಕೇಳಾಕತ್ತೀರಿಲ್ಲ?” ಅಂದಳು.

ಮುಂದಿನ ಪುಟದಲ್ಲಿ, ಮುನಿದ ತಮ್ಮನನ್ನು ನೀವೇ ಹೋಗಿ ಕರೆಯಿರಿ ಎಂಬ ಮಾತಿನ ಕೆಳಗೆ ಇನ್ನೊಂದು ಸಾಲಿತ್ತು: “ನಾನೇ ಇನ್ನೂ ಹೋಗಿಲ್ಲ. ಮೆಲ್ಲಗೆ ಓದುವುದು.” ಕೃಪಾ ಮೆಲ್ಲಗೇ ಓದಿದಳು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹುಶ್ಶೆಂದು ಉಸಿರು ಬಿಟ್ಟ. ಪುಸ್ತಕ ಹಳೆಯದಿರಬಹುದು, ಆದರೆ ಓದಿದವನ ಮೈಬಿಸಿ ಅದರಲ್ಲಿ ಇನ್ನೂ ಇತ್ತು. ಬೀಡಿಯ ನೆನಪು ಯಾರಿಗೂ ಆದಂತೆ ಕಾಣಲಿಲ್ಲ.

ಕೊನೆಗೆ ಊರು ಬಿಟ್ಟು ದುಡಿಯುವವರಿಗಾಗಿ ಇದ್ದ ಪ್ರಾರ್ಥನೆ. ಅಚ್ಚಿನಲ್ಲಿ ಆರೇ ಸಾಲು. ಸುತ್ತಲಿನ ಅಂಚಿನ ತುಂಬ ಹೆಸರುಗಳು. ಮೊದಲು ಪೆನ್ಸಿಲ್ಲಿನವು: “ಹಂಪಯ್ಯ, ಮುಂಬಯಿ ಗಿರಣಿ. ಶಿವದೇವಿ, ಸೊಲ್ಲಾಪುರ. ನಮ್ಮ ಅಮರ, ಪಟಾನ್‌ಚೆರು. ಊಟ ಸರಿ ಇಲ್ಲವಂತೆ.”

ಅಮರಯ್ಯನವರು ಒಳ್ಳೆಯ ಕಣ್ಣನ್ನು ಟವೆಲ್ಲಿನಿಂದ ಒರೆಸಿಕೊಂಡರು.

ಆಮೇಲೆ ನೀಲಿ ಶಾಯಿ; ಅದು ಅವರದೇ ಅಕ್ಷರ. “ಮೌನಪ್ಪ, ಎಂಟನೇ ಮಹಡಿ, ಕಾಲು ಜಾರದಿರಲಿ. ಗದಿಗೆಮ್ಮ, ಸೊಂಟ ನೋವು. ಕೃಪಾ...”

ತನ್ನ ಹೆಸರು ಕಂಡು ಕೃಪಾ ಓದು ನಿಲ್ಲಿಸಿದಳು.

“ಅಷ್ಟು ಸಾಕು ತಂಗಿ, ಆಮೆನ್ ಅನ್ನು,” ಎಂದು ಅಮರಯ್ಯನವರು ಗಡಿಬಿಡಿಯಿಂದ ಎದ್ದರು. ತಾವು ಬರೆದದ್ದು ಅವರಿಗೆ ಆಗಷ್ಟೇ ನೆನಪಾಗಿತ್ತು.

“ಯಾಕ ಸಾಕು? ನಮ್ಮದೆಲ್ಲಾ ಓದಿಸಿದ್ರಿ,” ಎಂದಳು ಗದಿಗೆಮ್ಮ. “ಅಕ್ಕಾರ, ಓದ್ರಿ ನೀವು.”

ಕೃಪಾ ಓದಿದಳು. “ಕೃಪಾ, ಮಂಗಳೂರಿನ ಹುಡುಗಿ. ಒಬ್ಬಳೇ ಇರುತ್ತಾಳೆ. ಇವತ್ತು ಅವಳ ಪ್ರಸಂಗ ಯಾರೂ ಕೇಳಲಿಲ್ಲ. ಬರುವುದನ್ನು ಬಿಡದಿರಲಿ.”

ಗದಿಗೆಮ್ಮನ ಮುಖ ಸಣ್ಣದಾಯಿತು. “ಅವತ್ತು ಎರಡು ಪಾಳಿ ಮಾಡಿ ಬಂದಿದ್ನೆವ್ವಾ, ಕಣ್ಣು ಎಳೀತು. ತಪ್ಪು ತಿಳೀಬ್ಯಾಡ್ರಿ.” ಆಮೇಲೆ ಗಂಟಲು ಏರಿಸಿ, “ಬಿಡತಾರಂತ, ಬಿಡೂದು! ನಾವು ಬಿಟ್ಟರಲ್ಲ?” ಎಂದಳು. ಎಲ್ಲರಿಗಿಂತ ಮೊದಲು ಮೌನಪ್ಪನೇ “ಆಮೆನ್” ಎಂದ, ಶೆಡ್ಡು ಅದುರುವಂತೆ.

ಕೃಪಾಳಿಗೆ ಅಳುವೂ ನಗೆಯೂ ಒಟ್ಟಿಗೇ ಬಂದವು. ಸಂತೋಷವಾಗಿತ್ತು, ಹೇಳತೀರದಷ್ಟು. ಮೂಗು ಒರೆಸಿಕೊಂಡು, “ಯಾರತ್ರ ಆದ್ರೂ ಪೆನ್ಸಿಲ್ ಉಂಟಾ?” ಎಂದು ಕೇಳಿದಳು.

ಕಾಂಕ್ರೀಟು ಸುರಿಯಲು ಹಲಗೆ ಕಟ್ಟುವ ಸೆಂಟ್ರಿಂಗ್ ಬಡಗಿಯಾದ ಮೌನಪ್ಪ ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ಸಿಲ್ ತೆಗೆದುಕೊಟ್ಟ. ಹಲಗೆಗೆ ಗುರುತು ಹಾಕುವ ಚಪ್ಪಟೆ ಪೆನ್ಸಿಲ್. ಅವಳು ತನ್ನ ಹೆಸರಿನ ಕೆಳಗೆ ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದಳು: ಅಮರಯ್ಯನವರು, ಬಲಗಣ್ಣು.

“ಏನು ಬರದಿ?” ಎಂದರು ಅವರು.

“ಮುಂದಿನ ವಾರ ಓದ್ತೇನೆ ಅಂಕಲ್,” ಎಂದಳು ಕೃಪಾ. ಪೆನ್ಸಿಲ್ಲನ್ನು ಮೌನಪ್ಪ ತಿರುಗಿ ಕೇಳಲಿಲ್ಲ. ಅವಳು ಅದನ್ನು ಆ ಪುಟದಲ್ಲೇ ಇಟ್ಟು ಪುಸ್ತಕ ಮುಚ್ಚಿದಳು. ಪೆನ್ಸಿಲ್ ದಪ್ಪದ್ದು, ಪುಸ್ತಕ ಪೂರ್ತಿ ಮುಚ್ಚಿಕೊಳ್ಳದೆ ಒಂಚೂರು ತೆರೆದೇ ಉಳಿಯಿತು.